ಕಥೆಯ ಪಕ್ಕದಲ್ಲೊಂದು ಕ್ಯಾಲೆಂಡರ್

(ಉಡುಪಿಯಲ್ಲಿ ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗಾಗಿ ನಡೆದ ಕಿರುಚಿತ್ರ ಶಿಬಿರದಲ್ಲಿ ಮಾಡಿದ ಉಪನ್ಯಾಸವನ್ನು ಓದಿಗೆ ಹೊಂದುವಂತೆ ತಿದ್ದಿ ಬರೆದದ್ದು.)

ನಾನು ವಿದ್ಯಾರ್ಥಿಯಾಗಿದ್ದಾಗ ಮಾಡಹೊರಟ ಮೊದಲ ಚಿತ್ರ ಮುಗಿಯಲೇ ಇಲ್ಲ. ಅದರ ಕೊನೆಯ ದೃಶ್ಯ ಯಕ್ಷಗಾನದ ಚೌಕಿಯಲ್ಲಿ, ಅಂದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ, ನಡೆಯಬೇಕಾಗಿತ್ತು. ಬೆಳಗಿನ ಜಾವ ಬಣ್ಣ ತೆಗೆಯುತ್ತಿರುವ ತಂದೆಯ ಎದುರಿಗೆ ಮಗ ಬಂದು ನಿಲ್ಲುತ್ತಾನೆ, ಇಬ್ಬರೂ ಮಾತನಾಡುವುದಿಲ್ಲ. ಆ ಮೌನವನ್ನು ಬರೆಯಲು ನಾವು ಐದು ಮಂದಿ ಐದು ತಿಂಗಳು ತೆಗೆದುಕೊಂಡೆವು. ಪರೀಕ್ಷೆಗಳೆಲ್ಲ ಮುಗಿದು, ಜೂನ್ ಮೊದಲ ವಾರ ಕ್ಯಾಮೆರಾ ಹೊತ್ತುಕೊಂಡು ಹೊರಟಾಗ ಮೇಳಗಳೆಲ್ಲ ತಿರುಗಾಟ ಮುಗಿಸಿ ಮನೆ ಸೇರಿದ್ದವು. ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24 ಅಥವಾ 25ರ ಸುಮಾರಿಗೆ ಬರುವ ಪತ್ತನಾಜೆಗೆ ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ ಎನ್ನುವುದು ನಮ್ಮಲ್ಲಿ ನಾಲ್ವರಿಗೆ ಬಾಲ್ಯದಿಂದಲೇ ಗೊತ್ತಿತ್ತು. ಗೊತ್ತಿದ್ದರೂ ಬರೆಯುವ ಮೇಜಿನ ಬಳಿ ಅದು ಯಾರ ತಲೆಗೂ ಬರಲಿಲ್ಲ. ನಾವು ಬರೆಯುತ್ತಿದ್ದದ್ದು ಕಥೆ, ದಿನಾಂಕ ಆಮೇಲೆ ನೋಡಿಕೊಳ್ಳುವ ವಿಷಯ ಎಂದು ಎಲ್ಲರೂ ಒಳಗೊಳಗೇ ತೀರ್ಮಾನಿಸಿಕೊಂಡಿದ್ದೆವು.

ಕಥೆಯ ಕರಡು ಮತ್ತು ಚಿತ್ರೀಕರಣದ ಯೋಜನೆ ಒಂದೇ ಮೇಜಿನ ಮೇಲೆ, ಒಂದೇ ಕಾಲಕ್ಕೆ, ಒಂದನ್ನೊಂದು ತಿದ್ದುತ್ತಾ ಬೆಳೆಯಬೇಕು ಎಂಬುದನ್ನು ನಾನು ಕಲಿತದ್ದು ಆ ಮುಗಿಯದ ಚಿತ್ರದಿಂದ. ಪ್ರಾಜೆಕ್ಟಿನ ನಿಯಮಾವಳಿಯಲ್ಲಿ ‘ಸ್ವಂತ ಕಥೆಯಾಗಿರಬೇಕು’ ಎಂಬ ಒಂದು ಸಾಲು ಸಾಮಾನ್ಯವಾಗಿ ಇರುತ್ತದಲ್ಲ, ಆ ಸ್ವಂತಿಕೆಯೂ ಬಹುಪಾಲು ಅಲ್ಲಿಯೇ ಹುಟ್ಟುತ್ತದೆ ಎಂಬುದು ಇಷ್ಟು ವರ್ಷ ವಿದ್ಯಾರ್ಥಿಗಳ ಚಿತ್ರಕಥೆಗಳನ್ನು ಓದಿದ ಮೇಲೆ ನನಗಾಗಿರುವ ನಂಬಿಕೆ.

ಪ್ರತಿ ವರ್ಷ ನನ್ನ ಮೇಜಿಗೆ ಬರುವ ಕಥೆಗಳಲ್ಲಿ ಮೂರು ತಪ್ಪದೆ ಇರುತ್ತವೆ. ಕೊಲ್ಲಿ ದೇಶದಲ್ಲಿರುವ ಮಗನ ಫೋನಿಗಾಗಿ ಕಾಯುವ ಮುದುಕರು. ಅಂಕ ಕಡಿಮೆಯಾಗಿ ಬದುಕಿನ ಮೇಲೆ ಜುಗುಪ್ಸೆಗೊಂಡ ವಿದ್ಯಾರ್ಥಿ. ಮತ್ತೆ, ಈಚಿನ ವರ್ಷಗಳಲ್ಲಿ, ದೈವದ ಕೋಲ. ಮೊದಲ ಎರಡರಲ್ಲಿ ಸುಳ್ಳೇನೂ ಇಲ್ಲ, ಆದರೆ ಬರೆದವರು ಕಣ್ಣಾರೆ ಕಂಡ ಒಂದೇ ಒಂದು ವಿವರವೂ ಅವುಗಳಲ್ಲಿ ಇರುವುದಿಲ್ಲ. ಮೂರನೆಯದರ ಬಗ್ಗೆ ಸ್ವಲ್ಪ ನಿಷ್ಠುರವಾಗಿಯೇ ಹೇಳುತ್ತೇನೆ. ಒಂದು ಸಮುದಾಯ ತಲೆಮಾರುಗಳಿಂದ ವ್ರತದಂತೆ ನಡೆಸಿಕೊಂಡು ಬಂದ ಆರಾಧನೆಯನ್ನು ಬಾಡಿಗೆಯ ವೇಷ ತೊಡಿಸಿ ಮೂರು ನಿಮಿಷದ ರೋಮಾಂಚನವಾಗಿ ಬಳಸುವುದಕ್ಕೆ ದೈವಾರಾಧಕರಿಂದ ಬಹಿರಂಗವಾಗಿಯೇ ಆಕ್ಷೇಪಗಳು ಬಂದಿವೆ. ಆ ಆಕ್ಷೇಪವನ್ನು ಪಕ್ಕಕ್ಕಿಟ್ಟು ನೋಡಿದರೂ, ದೊಡ್ಡ ಬಂಡವಾಳದ ಚಿತ್ರವೊಂದು ಮಾಡಿ ತೋರಿಸಿದ್ದನ್ನು ಹತ್ತು ಸಾವಿರ ರೂಪಾಯಿಯಲ್ಲಿ ಮಾಡಹೊರಟವರಿಗೆ ದಕ್ಕುವುದು ಅನುಕರಣೆ ಮಾತ್ರ. ದೈವದ ಕುರಿತೇ ಮಾಡಬೇಕೆನ್ನುವವರು ಮೊದಲು ಅದನ್ನು ಆರಾಧಿಸುವ ಮನೆಯವರ ಜೊತೆ, ಆರಾಧನೆಯ ಹೊಣೆ ಹೊತ್ತ ಗುತ್ತಿನ ಮನೆತನದವರ ಜೊತೆ, ದೈವದ ವೇಷ ಕಟ್ಟುವವರ ಜೊತೆ ಕುಳಿತು ಮಾತನಾಡಲಿ. ಅದಕ್ಕೆ ಒಂದು ಸೆಮಿಸ್ಟರ್ ಸಾಲುವುದಿಲ್ಲ ಎಂದು ಅವರಿಗೇ ಅರ್ಥವಾಗುತ್ತದೆ.

ಇನ್ನು ಕೆಲವರು ಒಳ್ಳೆಯ ಸಣ್ಣಕಥೆಯನ್ನು ಆರಿಸಿಕೊಂಡು ಹೆಸರು ಬದಲಾಯಿಸಿ ತರುತ್ತಾರೆ. ನಮ್ಮ ಕಾನೂನಿನಲ್ಲಿ ಲೇಖಕರ ಕೃತಿಸ್ವಾಮ್ಯ ಅವರು ತೀರಿಹೋದ ನಂತರ 60 ವರ್ಷ ಉಳಿಯುತ್ತದೆ. 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಕಥೆಯನ್ನು ನೀವು ಯಾರನ್ನೂ ಕೇಳದೆ ಚಿತ್ರ ಮಾಡಬಹುದು. 1997ರಲ್ಲಿ ತೀರಿಕೊಂಡ ಶಿವರಾಮ ಕಾರಂತರ ಬರಹಕ್ಕೆ 2057ರ ಕೊನೆಯವರೆಗೂ ಹಕ್ಕುದಾರರ ಒಪ್ಪಿಗೆ ಬೇಕು. ಅನುಮತಿ ಪಡೆದು ಮಾಡಿದರೂ ಅದು ರೂಪಾಂತರ, ಸ್ವಂತ ಕಥೆ ಅಲ್ಲ ಎಂಬುದನ್ನು ಪ್ರಸ್ತಾವದಲ್ಲಿಯೇ ಬರೆಯಬೇಕು. ಅಂದ ಹಾಗೆ, ಕಾರಂತರು ಸ್ವತಃ 1930ರ ಆಸುಪಾಸಿನಲ್ಲಿ ಮೂಕಿಚಿತ್ರಗಳನ್ನು ಮಾಡಲು ಹೊರಟವರು. ಆಗ ಇದ್ದ ಅನುಕೂಲಗಳನ್ನು ಊಹಿಸಿಕೊಂಡರೆ, ‘ಒಳ್ಳೆಯ ಕ್ಯಾಮೆರಾ ಇಲ್ಲ ಸರ್’ ಎಂಬ ದೂರನ್ನು ಕೇಳಲು ನನಗೆ ತುಸು ಕಷ್ಟವಾಗುತ್ತದೆ. ಮಣಿಪಾಲದಲ್ಲಿ ಔಷಧ ವಿಜ್ಞಾನ ಓದಿ ಆಮೇಲೆ ಪುಣೆಯ ಚಲನಚಿತ್ರ ಸಂಸ್ಥೆಗೆ ಹೋದ ಗಿರೀಶ ಕಾಸರವಳ್ಳಿಯವರು ವಿದ್ಯಾರ್ಥಿಯಾಗಿ ಮಾಡಿದ ಕಿರುಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೇ ಬಂದಿತ್ತು. ವಿದ್ಯಾರ್ಥಿ ಚಿತ್ರವೆಂದರೆ ಅಂಕಕ್ಕಾಗಿ ಮಾಡುವ ಅಭ್ಯಾಸ ಎಂದು ಮೊದಲೇ ಕೈಬಿಡಬೇಕಾಗಿಲ್ಲ ಎನ್ನಲು ಇದನ್ನು ನೆನಪಿಸಿದೆ.

ಈಗ ಒಂದು ಚಿತ್ರವನ್ನು ಇಲ್ಲಿಯೇ ಕಟ್ಟಿ ನೋಡೋಣ. ಮಲ್ಪೆಯಿಂದ ಮಣಿಪಾಲಕ್ಕೆ ಹೋಗುವ ಸಿಟಿ ಬಸ್ಸಿನಲ್ಲಿ ಕಾಲೇಜು ಹುಡುಗಿಯೊಬ್ಬಳು ಗೆಳತಿಯರ ಜೊತೆ ಕುಳಿತಿದ್ದಾಳೆ. ಮೀನಿನ ಬುಟ್ಟಿ ಹಿಡಿದುಕೊಂಡು ಅವಳ ಅಜ್ಜಿ ಅದೇ ಬಸ್ಸು ಹತ್ತುತ್ತಾರೆ. ಹುಡುಗಿ ಗುರುತೇ ಇಲ್ಲದವಳಂತೆ ಕಿಟಕಿಯತ್ತ ತಿರುಗುತ್ತಾಳೆ. ಇಷ್ಟು ಬೀಜ. ಇದರಲ್ಲಿ ನಾಚಿಕೆ ಇದೆ, ಋಣ ಇದೆ, ಊರಿನ ವಾಸನೆ ಇದೆ. ಎರಡು ವಾಕ್ಯದಲ್ಲಿ ಹೇಳಬಹುದು, ಕೇಳಿದವರು ‘ಆಮೇಲೆ?’ ಎನ್ನುತ್ತಾರೆ. ಪ್ರಸ್ತಾವದ ಹಂತಕ್ಕೆ ಇಷ್ಟು ಸಾಕು.

ಸಾಮಾನ್ಯವಾಗಿ ತಂಡ ಈಗ ಸಂಭಾಷಣೆ ಬರೆಯಲು ಕೂರುತ್ತದೆ. ನನ್ನ ಸಲಹೆಯೆಂದರೆ ಮೊದಲು ಎದುರಿನ ಗೋಡೆಗೊಂದು ಕ್ಯಾಲೆಂಡರ್ ತೂಗಿಹಾಕಿ. ಸೆಮಿಸ್ಟರ್ ಯಾವಾಗ ಮುಗಿಯುತ್ತದೆ, ಇಲಾಖೆಯ ಕ್ಯಾಮೆರಾ ಯಾವ ವಾರ ನಿಮ್ಮ ಪಾಲಿಗೆ ಸಿಗುತ್ತದೆ, ಅಂತಿಮ ಚಿತ್ರ ಯಾವ ದಿನ ಒಪ್ಪಿಸಬೇಕು ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆದು, ಅದರ ಕೆಳಗೆ ಊರಿನ ದಿನಗಳನ್ನು ಬರೆಯಿರಿ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹೋಗುವುದಿಲ್ಲ. ನವೆಂಬರಿನಿಂದ ಪತ್ತನಾಜೆಯವರೆಗೆ ಯಕ್ಷಗಾನದ ಆಟ, ದೈವಗಳ ಕೋಲ, ನೇಮ, ಕಂಬಳ. ರಾತ್ರಿ ಧ್ವನಿವರ್ಧಕದ ಸದ್ದಿಲ್ಲದ ಊರು ಆಗ ಸಿಗುವುದು ಕಷ್ಟ. ನಮ್ಮ ತಂಡಕ್ಕೆ ಕ್ಯಾಮೆರಾ ಜುಲೈ ಎರಡನೆಯ ವಾರ ಸಿಗುತ್ತದೆ ಎಂದಿಟ್ಟುಕೊಳ್ಳಿ. ಹಾಗಾದರೆ ಅಜ್ಜಿಯ ಬುಟ್ಟಿಯಲ್ಲಿ ಏನಿದೆ?

ಯಾಂತ್ರಿಕ ದೋಣಿಗಳ ತಾಜಾ ಬಂಗುಡೆ ರಾಶಿ ಬೀಳುವ ಕಾಲ ಅದಲ್ಲ. ನಾಡದೋಣಿಯವರು ತಂದದ್ದು ಅಷ್ಟಿಷ್ಟು ಇರಬಹುದು. ಅಜ್ಜಿ ಒಣಮೀನು, ತುಳುವಿನವರು ನುಂಗೆಲ್ ಎನ್ನುವುದನ್ನು, ಮಾರುತ್ತಿರುತ್ತಾರೆ. ತಾಜಾ ಮೀನಿಗಿಂತ ಅದರ ವಾಸನೆ ಬಸ್ಸಿನಲ್ಲಿ ಬೇಗ ಹರಡುತ್ತದೆ. ಗೆಳತಿಯರು ಮೂಗು ಮುಚ್ಚಿಕೊಳ್ಳಲು ಕಾರಣ ಬೇರೆ ಹುಡುಕಬೇಕಾಗಿಲ್ಲ. ಮೊದಲ ಕರಡಿನಲ್ಲಿ ಬುಟ್ಟಿಯಿಂದ ನೀರು ತೊಟ್ಟಿಕ್ಕುವ ಒಂದು ಶಾಟ್ ಇದ್ದಿದ್ದರೆ ಅದು ಹೋಯಿತು. ಅದರ ಬದಲು, ಒಣಮೀನಿಗೆ ನೀರು ತಾಗದಂತೆ ಅಜ್ಜಿ ತಾನು ನೆನೆದು ಬುಟ್ಟಿಗೆ ಪ್ಲಾಸ್ಟಿಕ್ ಹೊದಿಸುವ ಶಾಟ್ ಬಂತು. ಇದನ್ನು ಯಾವ ಕಥನಶಾಸ್ತ್ರದ ಪುಸ್ತಕವೂ ಕೊಟ್ಟದ್ದಲ್ಲ, ಕ್ಯಾಲೆಂಡರ್ ಕೊಟ್ಟದ್ದು.

ಮುಂದೆ ಬಸ್ಸು. ಖಾಸಗಿ ಬಸ್ಸೊಂದನ್ನು ಅರ್ಧ ದಿನಕ್ಕೆ ಬಾಡಿಗೆ ಪಡೆಯಬೇಕು, ಒಳಗೆ ಮೂವತ್ತು ಜನರನ್ನು ಕೂರಿಸಬೇಕು, ಕಿಟಕಿಯ ಹೊರಗೆ ಓಡುವ ರಸ್ತೆ ಪ್ರತಿ ಟೇಕಿನಲ್ಲಿಯೂ ಬೇರೆಯಾಗಿರುತ್ತದೆ, ಇಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ತಂಡದಲ್ಲಿ ಯಾರೋ ಒಬ್ಬರು ‘ನಮ್ಮ ಮಾವನ ಬಸ್ಸು ಉಂಟು, ನಾನು ಕೇಳಿ ಕೊಡಿಸ್ತೇನೆ’ ಎನ್ನುತ್ತಾರೆ. ಆ ಮಾವನನ್ನು ನಂಬಿ ಕಥೆ ಬರೆಯಬೇಡಿ. ನಂಬುವುದಾದರೆ ಅವರನ್ನು ಈ ವಾರವೇ ಕಂಡು, ಯಾವ ದಿನ, ಎಷ್ಟು ಗಂಟೆ, ಡೀಸೆಲ್ ಯಾರದು ಎಂದು ಬರೆಸಿಕೊಂಡು ಬನ್ನಿ.

ಬಸ್ಸನ್ನು ಬಿಟ್ಟು ಬಸ್ ತಂಗುದಾಣವನ್ನು ಹಿಡಿದರೆ? ಕಲ್ಮಾಡಿಯ ಕಡೆಗೋ ಆದಿ ಉಡುಪಿಯ ಕಡೆಗೋ ರಸ್ತೆ ಬದಿಯ ಒಂದು ತಂಗುದಾಣ. ಮಳೆ ಸುರಿಯುತ್ತಿದೆ. ಅಜ್ಜಿ, ಮೊಮ್ಮಗಳು, ಇಬ್ಬರು ಗೆಳತಿಯರು ಒಂದೇ ಮಾಡಿನ ಕೆಳಗೆ ನಿಂತಿದ್ದಾರೆ. ಮಳೆಯಿಂದಾಗಿ ಯಾರೂ ಹೊರಗೆ ಹೋಗುವಂತಿಲ್ಲ. ಬಸ್ಸು ಬರುತ್ತದೆ, ಬುಟ್ಟಿ ನೋಡಿದ ಕಂಡಕ್ಟರ್ ‘ಹಿಂದಿನ ಬಸ್ಸಿಗೆ ಬನ್ನಿ’ ಎನ್ನುತ್ತಾನೆ. ಗೆಳತಿಯರು ಹತ್ತುತ್ತಾರೆ. ಮೊಮ್ಮಗಳು ಹತ್ತುತ್ತಾಳೋ ಇಲ್ಲವೋ? ಬಸ್ಸಿನೊಳಗೆ ಕಥೆ ಇದ್ದಾಗ ಅವಳಿಗೆ ಮುಖ ತಿರುಗಿಸುವುದನ್ನು ಬಿಟ್ಟು ಬೇರೆ ಕೆಲಸವಿರಲಿಲ್ಲ. ಈಗ ಅವಳು ಒಂದು ತೀರ್ಮಾನ ಮಾಡಲೇಬೇಕು. ಒಂದು ಬಸ್ಸನ್ನು ಕೆಲವೇ ನಿಮಿಷ ನಿಲ್ಲಿಸಿಕೊಂಡರೆ ಸಾಕು, ಉಳಿದವು ಶಬ್ದದಲ್ಲಿಯೇ ಬಂದು ಹೋಗಬಹುದು. ಮಾಡಬಹುದಾದದ್ದು ಯಾವುದು ಎಂಬ ಲೆಕ್ಕದಿಂದ ಹೊರಟು ನಾವು ಮೊದಲಿಗಿಂತ ಒಳ್ಳೆಯ ಕಥೆಗೆ ಬಂದು ನಿಂತಿದ್ದೇವೆ. ಹೀಗೆ ಯಾವಾಗಲೂ ಆಗುತ್ತದೆ ಎಂದು ಹೇಳಲಾರೆ. ಕೆಲವೊಮ್ಮೆ ಲೆಕ್ಕವು ಕಥೆಯ ಜೀವವನ್ನೇ ತೆಗೆಯುತ್ತದೆ, ಆಗ ಆ ಕಥೆಯನ್ನು ಮುಂದೊಂದು ಕಾಲಕ್ಕೆ ಎತ್ತಿಟ್ಟು ಬೇರೆಯದನ್ನು ಹಿಡಿಯುವುದೇ ಸರಿ.

ಸ್ಥಳವನ್ನು ನೋಡಿ ಬರುವುದೆಂದರೆ ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದು ಬರುವುದಲ್ಲ. ಚಿತ್ರೀಕರಣ ಮಾಡುವ ಹೊತ್ತಿಗೇ ಹೋಗಿ, ಎರಡು ಗಂಟೆ ಸುಮ್ಮನೆ ಕುಳಿತು, ಎಷ್ಟು ಬಸ್ಸು ನಿಂತವು, ಎಷ್ಟು ಹಾರ್ನ್ ಕೇಳಿಸಿತು, ಟ್ಯೂಬ್‌ಲೈಟ್ ಯಾವಾಗ ಆರಿತು, ಮಳೆ ಬಂದಾಗ ಮಾಡಿನ ಸದ್ದು ಹೇಗಿತ್ತು ಎಂದು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ತಗಡಿನ ಮಾಡಾದರೆ ಮಳೆಯಲ್ಲಿ ಒಂದು ಮಾತೂ ದಾಖಲಾಗುವುದಿಲ್ಲ, ಕಾಂಕ್ರೀಟಿನದಾದರೆ ತೊಂದರೆ ಕಡಿಮೆ. ನಮ್ಮ ಚಿತ್ರದ ತಂಗುದಾಣ ಯಾವುದೆಂದು ನಿರ್ಧರಿಸಲು ಈ ಒಂದು ಕಾರಣವೇ ಸಾಕು. ಇನ್ನೊಂದು ಸಂಗತಿ: ಸುರಿಯುವ ಮಳೆ ಕಣ್ಣಿಗೆ ಕಂಡಷ್ಟು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಹನಿಗಳ ಹಿಂದಿನಿಂದ ಬೆಳಕು ಬಂದು, ಅವುಗಳ ಆಚೆಗೆ ಕಪ್ಪಾದ ಹಿನ್ನೆಲೆ ಇದ್ದರೆ ಮಾತ್ರ ಮಳೆಯ ಗೆರೆಗಳು ಮೂಡುತ್ತವೆ. ಎದುರುಗಡೆ ಬಿಳಿ ಗೋಡೆಯ ಅಂಗಡಿಯಿದ್ದರೆ ನಿಮ್ಮ ಮಳೆ ಮಾಯ. ದಟ್ಟ ಹಲಸಿನ ಮರವಿದ್ದರೆ ಬದುಕಿದಿರಿ. ಮಳೆಗಾಲದಿಂದ ದೊಡ್ಡ ಉಪಕಾರವೂ ಒಂದಿದೆ. ಡಿಸೆಂಬರಿನ ಬಿಸಿಲು ಬೆಳಗ್ಗೆ ಏಳಕ್ಕೂ ಒಂಬತ್ತಕ್ಕೂ ನಡುವೆ ಮುಖದ ಮೇಲಿನ ನೆರಳನ್ನೆಲ್ಲ ಬದಲಾಯಿಸಿಬಿಡುತ್ತದೆ. ಮೋಡ ಕವಿದ ಜುಲೈಯಲ್ಲಿ ಏಳರ ಬೆಳಕು ಹನ್ನೊಂದಕ್ಕೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ, ಶಾಟುಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಲೆಕ್ಕಕ್ಕೆ ಬರೋಣ. ಚಿತ್ರಕಥೆಯ ಒಂದು ಪುಟ ತೆರೆಯ ಮೇಲೆ ಸುಮಾರು ಒಂದು ನಿಮಿಷ ಎಂಬುದು ಹಳೆಯ ಅಂದಾಜು. ವಿಂಗಡಣೆಗಾಗಿ ಪ್ರತಿ ಪುಟವನ್ನು ಎಂಟು ಪಾಲು ಮಾಡುತ್ತಾರೆ. ನಮ್ಮ 8 ಪುಟದ ಚಿತ್ರಕಥೆ 64 ಪಾಲು. ಮೂರು ಬೆಳಗುಗಳಲ್ಲಿ ಮುಗಿಸಬೇಕೆಂದರೆ ದಿನಕ್ಕೆ 21 ಅಥವಾ 22 ಪಾಲು, ಅಂದರೆ ಎರಡೂಮುಕ್ಕಾಲು ಪುಟದಷ್ಟು. ವಿದ್ಯಾರ್ಥಿ ತಂಡಕ್ಕೆ ಇದು ಸಾಧ್ಯ, ಆದರೆ ಸಲೀಸಲ್ಲ. ಕ್ಯಾಮೆರಾ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿ, ಬೆಳಕು ಸರಿಪಡಿಸಿ, ಒಮ್ಮೆ ಅಭ್ಯಾಸ ಮಾಡಿ, ಮೂರು ಟೇಕ್ ತೆಗೆಯಲು 25 ನಿಮಿಷ ಹಿಡಿಯುತ್ತದೆ ಎಂದುಕೊಂಡರೆ, ಐದು ಗಂಟೆಯಲ್ಲಿ ಆಗುವುದು 12 ಶಾಟ್; ಮೂರು ದಿನಕ್ಕೆ 36. ನಿಮ್ಮ ಶಾಟ್ ಪಟ್ಟಿಯಲ್ಲಿ 70 ಇದ್ದರೆ 34ನ್ನು ಮನೆಯಲ್ಲಿ ಕುಳಿತು ನೀವೇ ಹೊಡೆದುಹಾಕಬೇಕು. ಹಾಗೆ ಮಾಡದಿದ್ದರೆ ಮೂರನೆಯ ದಿನ ಹತ್ತೂವರೆ ಗಂಟೆಗೆ, ಹಸಿದ ಹೊಟ್ಟೆಯಲ್ಲಿ, ಎಲ್ಲರೂ ಕೂಗಾಡುತ್ತಿರುವಾಗ ಹೊಡೆದುಹಾಕುತ್ತೀರಿ. ಆಗ ಮೊದಲು ಹೋಗುವುದು ಅಜ್ಜಿಯ ಮುಖದ ಸಮೀಪದ ಶಾಟ್, ಯಾಕೆಂದರೆ ಅದು ಕೊನೆಗೆ ಉಳಿದಿರುತ್ತದೆ. ಮುಖ್ಯವಾದದ್ದನ್ನು ಮೊದಲ ದಿನವೇ, ಎಲ್ಲರೂ ಎಚ್ಚರವಾಗಿರುವಾಗ ತೆಗೆಯಿರಿ.

ಮಾತಿನ ಬಗ್ಗೆ ನಮ್ಮ ಜಿಲ್ಲೆಯವರು ಇತರರಿಗಿಂತ ಹೆಚ್ಚು ಯೋಚಿಸಬೇಕು. ಮಲ್ಪೆಯ ಅಜ್ಜಿ ತುಳು ಮಾತನಾಡುತ್ತಾರೆ, ಮೊಮ್ಮಗಳು ಗೆಳತಿಯರೊಂದಿಗೆ ಕನ್ನಡ, ನಡುನಡುವೆ ಇಂಗ್ಲಿಷ್. ಇಡೀ ಚಿತ್ರವನ್ನು ಪುಸ್ತಕದ ಕನ್ನಡದಲ್ಲಿ ಬರೆದರೆ ಇವರು ಯಾರೂ ಬದುಕುವುದಿಲ್ಲ. ನಮ್ಮ ಕಥೆಗೆ ಈ ಎರಡು ಭಾಷೆಗಳೇ ದೊಡ್ಡ ಆಸ್ತಿ: ಮೊಮ್ಮಗಳು ಅಜ್ಜಿಗೆ ತುಳುವಿನಲ್ಲಿ ಉತ್ತರ ಕೊಟ್ಟ ಕ್ಷಣದಲ್ಲಿ ಗೆಳತಿಯರಿಗೆ ಎಲ್ಲವೂ ತಿಳಿದುಹೋಗುತ್ತದೆ. ಅಜ್ಜಿ ಕೇಳುವುದು ‘ಒಣಸ್ ಆಂಡಾ?’ ಎಂದು ಇಷ್ಟೇ. ಊಟವಾಯಿತೇ ಎಂಬ ಆ ಮಾತಿಗೆ ಉತ್ತರ ಕೊಡುವುದೋ ಬಿಡುವುದೋ ಎಂಬುದರ ಮೇಲೆ ಚಿತ್ರ ನಿಲ್ಲಬಹುದು. ಹಾಗಿದ್ದರೆ ಉಪಶೀರ್ಷಿಕೆಯ ಕೆಲಸವನ್ನು ಮೊದಲೇ ವೇಳಾಪಟ್ಟಿಯಲ್ಲಿ ಸೇರಿಸಿ, ಯಾರು ಮಾಡುತ್ತಾರೆಂದು ಬರೆಯಿರಿ. ಮೀನು ಮಾರುವ ಮಹಿಳೆಯೊಬ್ಬರಿಗೆ ನಿಮ್ಮ ಅಭ್ಯಾಸದ ವೀಡಿಯೋವನ್ನು ಚಿತ್ರೀಕರಣಕ್ಕೆ ಮೊದಲೇ ತೋರಿಸಿ. ‘ಬುಟ್ಟಿ ಹಾಗೆ ಹಿಡಿಯುವುದಿಲ್ಲ ಮಗಾ’ ಎಂಬ ಮಾತನ್ನು ಆಗಲೇ ಕೇಳಿಸಿಕೊಂಡರೆ ತಿದ್ದಲು ಸಮಯ ಇರುತ್ತದೆ.

ಯಂತ್ರಗಳ ವಿಷಯದಲ್ಲಿ ನಾಲ್ಕೇ ಮಾತು. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದು. ಟ್ಯೂಬ್‌ಲೈಟಿನ ಕೆಳಗೆ ಸೆಕೆಂಡಿಗೆ 25 ಫ್ರೇಮು, ಶಟರ್ ಸೆಕೆಂಡಿನ 50ನೇ ಒಂದು ಎಂದು ಇಟ್ಟುಕೊಂಡರೆ ಚಿತ್ರ ಮಿನುಗುವ ಕಾಟ ತಪ್ಪುತ್ತದೆ. ಎಸಿ ಕೊಠಡಿಯಿಂದ ಹೊರತೆಗೆದ ಕ್ಯಾಮೆರಾದ ಲೆನ್ಸಿಗೆ ಕರಾವಳಿಯ ಗಾಳಿ ತಾಗಿದೊಡನೆ ಮಂಜು ಕೂರುತ್ತದೆ. ಅರ್ಧ ಗಂಟೆ ಚೀಲದಲ್ಲಿಯೇ ಹೊರಗಿಟ್ಟು ಆಮೇಲೆ ತೆಗೆಯಿರಿ, ಮತ್ತು ಚಿತ್ರೀಕರಣ ಮುಗಿದ ಮೇಲೆ ಸಿಲಿಕಾ ಜೆಲ್ ಇಲ್ಲದೆ ಮುಚ್ಚಿಡಬೇಡಿ, ಬೂಸ್ಟು ಹಿಡಿಯುತ್ತದೆ. ಪ್ರತಿ ಸ್ಥಳದಲ್ಲಿ ಯಾರೂ ಮಾತನಾಡದೆ ಒಂದು ನಿಮಿಷದ ಶಬ್ದವನ್ನು ಬೇರೆಯಾಗಿ ದಾಖಲಿಸಿಕೊಳ್ಳಿ. ಸಂಕಲನದ ಮೇಜಿನಲ್ಲಿ ಅದರ ಬೆಲೆ ತಿಳಿಯುತ್ತದೆ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದರೆ ಗಂಟೆಗೆ 45 ಜಿಬಿ ಆಗುತ್ತದೆ, ಹಾಗಾಗಿ ಅದೇ ದಿನ ಎರಡು ಬೇರೆ ಡಿಸ್ಕುಗಳಿಗೆ ನಕಲು ಮಾಡಿ, ಎರಡನ್ನೂ ಒಬ್ಬರೇ ಮನೆಗೆ ಒಯ್ಯದಿರಿ.

ಅನುಮತಿಗಳ ಹಾದಿ ಊರಿಂದ ಊರಿಗೆ ಬೇರೆ. ಉಡುಪಿಯ ರೈಲು ನಿಲ್ದಾಣ ಕೊಂಕಣ ರೈಲ್ವೆಗೆ ಸೇರಿದ್ದು, ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದಾಗಿತ್ತು. ಪ್ಲಾಟ್‌ಫಾರಂ ದೃಶ್ಯ ಬರೆದವರು ತಮ್ಮ ಅರ್ಜಿ ಈಗ ಯಾವ ಕಚೇರಿಗೆ ಹೋಗಬೇಕೆಂದು ಮೊದಲು ವಿಚಾರಿಸಬೇಕು. ಪಣಂಬೂರಿನ ಬಂದರಿನ ಒಳಗೆ, ಬಜ್ಪೆ ವಿಮಾನ ನಿಲ್ದಾಣದ ಸುತ್ತಮುತ್ತ ಡ್ರೋನ್ ಹಾರಿಸುವ ಕನಸನ್ನು ಬಿಟ್ಟುಬಿಡಿ. ನಿಜ ಹೇಳಬೇಕೆಂದರೆ ವಿದ್ಯಾರ್ಥಿ ಚಿತ್ರಗಳಲ್ಲಿ ನಾನು ನೋಡಿದ ಡ್ರೋನ್ ಶಾಟುಗಳಲ್ಲಿ ಕಥೆಗೆ ಬೇಕಾಗಿದ್ದದ್ದು ಒಂದೂ ನೆನಪಿಲ್ಲ. ನಮ್ಮ ತಂಗುದಾಣಕ್ಕೆ ಸ್ಥಳೀಯ ಪಂಚಾಯತಿಗೋ ನಗರಸಭೆಗೋ ಪೊಲೀಸು ಠಾಣೆಗೋ ವಿಭಾಗದ ಮುಖ್ಯಸ್ಥರ ಸಹಿಯಿರುವ ಪತ್ರ ಕೊಡಬೇಕು. ಎದುರಿನ ಅಂಗಡಿಯವರಿಗೆ ಪತ್ರಕ್ಕಿಂತ, ಹಿಂದಿನ ದಿನ ಹೋಗಿ ಚಹಾ ಕುಡಿದು ಹೇಳಿ ಬರುವುದು ಹೆಚ್ಚು ಕೆಲಸ ಮಾಡುತ್ತದೆ.

ಹಣದಲ್ಲಿ ಎಲ್ಲರೂ ಮರೆಯುವುದು ಊಟ. ತಂಡ, ನಟರು ಸೇರಿ 11 ಮಂದಿ, ತಲೆಗೆ ದಿನಕ್ಕೆ 180 ರೂಪಾಯಿಯ ತಿಂಡಿ, ಚಹಾ, ಊಟ ಎಂದಿಟ್ಟುಕೊಂಡರೆ ಮೂರು ದಿನಕ್ಕೆ 5,940 ರೂಪಾಯಿ. ಲೆನ್ಸಿನ ಬಾಡಿಗೆಯಲ್ಲಿ ಉಳಿಸಿ, ಇದರಲ್ಲಿ ಉಳಿಸಬೇಡಿ. ಅಜ್ಜಿಯ ಪಾತ್ರಕ್ಕೆ ಬರುವ ಹಿರಿಯರು ಸಂಭಾವನೆ ಬೇಡವೆಂದರೂ ಅವರನ್ನು ಮನೆಯಿಂದ ಕರೆತಂದು ಬಿಡುವ ರಿಕ್ಷಾದ ಬಾಡಿಗೆ ಪಟ್ಟಿಯಲ್ಲಿ ಇರಲಿ.

ಕೊನೆಗೆ, ತಂಡದೊಳಗಿನ ಒಪ್ಪಂದ. ಗೆಳೆಯರ ನಡುವೆ ಕಾಗದವೇಕೆ ಎಂದು ನಾಚಿಕೊಂಡವರು ಚಿತ್ರ ಎಲ್ಲಾದರೂ ಆಯ್ಕೆಯಾದ ದಿನ ಮಾತು ಬಿಟ್ಟದ್ದನ್ನು ನೋಡಿದ್ದೇನೆ. ಕೃತಿಸ್ವಾಮ್ಯದ ಕಾನೂನಿನಲ್ಲಿ ಚಲನಚಿತ್ರಕ್ಕೆ ಕರ್ತೃ ಎಂದರೆ ನಿರ್ಮಾಪಕ. ನಿರ್ದೇಶಕನೂ ಅಲ್ಲ, ಕಥೆ ಬರೆದವರೂ ಅಲ್ಲ. ವಿದ್ಯಾರ್ಥಿ ಚಿತ್ರದಲ್ಲಿ ನಿರ್ಮಾಪಕ ಯಾರು? ಹಣ ಹಾಕಿದ ಐವರೋ, ಕ್ಯಾಮೆರಾ ಕೊಟ್ಟ ವಿಶ್ವವಿದ್ಯಾಲಯವೋ? ನಿಮ್ಮ ವಿಭಾಗದ ನಿಯಮ ಏನು ಹೇಳುತ್ತದೆಂದು ಓದಿ, ಒಂದು ಪುಟದಲ್ಲಿ ಬರೆದು, ಎಲ್ಲರೂ ಸಹಿ ಹಾಕಿ. ನಟರ ಒಪ್ಪಿಗೆ ಪತ್ರವನ್ನು, ಮಕ್ಕಳಿದ್ದರೆ ಹೆತ್ತವರ ಸಹಿಯನ್ನು, ಸಂಗೀತ ಯಾರದೆಂಬ ವಿವರವನ್ನು ಅದೇ ಕಡತದಲ್ಲಿ ಸೇರಿಸಿ. ಸಿನಿಮಾ ಹಾಡಿನ ತುಣುಕನ್ನು ತಂಗುದಾಣದ ರೇಡಿಯೋದಲ್ಲಿ ಕೇಳಿಸುವ ಆಸೆಯಿದ್ದರೆ, ಅದಕ್ಕೂ ಹಕ್ಕುದಾರರಿದ್ದಾರೆ.

ಚಹಾ ಬಂದಿದೆಯಂತೆ. ಅದು ಮುಗಿದ ಮೇಲೆ ಒಂದೊಂದು ತಂಡದ ಜೊತೆ ಇಪ್ಪತ್ತು ನಿಮಿಷ ಕುಳಿತುಕೊಳ್ಳುತ್ತೇನೆ. ಕಥೆಯನ್ನು ಅರ್ಧ ಪುಟದಲ್ಲಿ ಬರೆದು ತನ್ನಿ, ಪಕ್ಕದಲ್ಲಿ ನಿಮ್ಮ ಮೂರು ತಿಂಗಳ ದಿನಾಂಕಗಳಿರಲಿ. ಮನೆಯಲ್ಲಿ ಗೋಡೆಗೆ ತೂಗುಹಾಕಿದ ಪಂಚಾಂಗದ ಫೋಟೋ ಯಾರ ಮೊಬೈಲಿನಲ್ಲಿದೆಯೋ ಅವರು ಮೊದಲು ಬನ್ನಿ.